ರೈ ಹೊಲವೇ ಇಲ್ಲದ ಕಾದಂಬರಿಗೆ ಆ ಹೆಸರು ಯಾಕೆ?

ಪ್ರಶ್ನೆ: 'ದ ಕ್ಯಾಚರ್ ಇನ್ ದ ರೈ' ಓದಿ ಮುಗಿಸಿದೆ. ಕಥೆ ಪೂರ್ತಿ ನಡೆಯುವುದು ಒಂದು ಹಾಸ್ಟೆಲ್ ಶಾಲೆಯಲ್ಲಿ, ಆಮೇಲೆ ನ್ಯೂಯಾರ್ಕ್ ಶಹರದಲ್ಲಿ. ಎಲ್ಲೂ ರೈ ಹೊಲ ಕಾಣಲಿಲ್ಲ, ಹಿಡಿಯುವವನೂ ಬರಲಿಲ್ಲ. ಹಾಗಿದ್ದರೆ ಈ ಹೆಸರಿಗೆ ಅರ್ಥ ಏನು? ಬಾಲ್ಯದ ಮುಗ್ಧತೆಗೂ ಇದಕ್ಕೂ ಸಂಬಂಧ ಇದೆ ಅನ್ನುತ್ತಾರೆ, ಅದು ಹೇಗೆ?

ಉತ್ತರ: ಈ ಪುಸ್ತಕ ಓದಿದವರು ಒಂದಲ್ಲ ಒಂದು ಸಲ ಕೇಳಿಯೇ ಕೇಳುವ ಪ್ರಶ್ನೆ ಇದು. ಪರೀಕ್ಷೆಯ ಗೈಡುಗಳಲ್ಲಿ ಉತ್ತರ ಒಂದೇ ಸಾಲಿನಲ್ಲಿ ಸಿಗುತ್ತದೆ: ಕಥಾನಾಯಕ ಹೋಲ್ಡನ್ ಮಕ್ಕಳ ಮುಗ್ಧತೆಯನ್ನು ಕಾಪಾಡಬೇಕು ಅಂದುಕೊಳ್ಳುತ್ತಾನೆ, ಅದಕ್ಕೇ ಈ ಹೆಸರು. ತಪ್ಪೇನಲ್ಲ, ಆದರೆ ಅರ್ಧ ಉತ್ತರ. ಆ ಹೆಸರು ಒಬ್ಬ ಹುಡುಗನ ಆಸೆ. ಆ ಆಸೆ ಯಾಕೆ ಹುಟ್ಟಿತು, ಯಾಕೆ ನಡೆಯುವಂಥದ್ದಲ್ಲ ಅನ್ನುವುದೇ ಇಡೀ ಕಾದಂಬರಿ. ಅಂದರೆ ಪುಸ್ತಕ ತನ್ನ ಹೆಸರಿನ ಜೊತೆಗೇ ಜಗಳ ಆಡುತ್ತದೆ.

ಮೊದಲು ಪದಗಳ ವಿಷಯ ಮುಗಿಸಿಬಿಡೋಣ. ರೈ ಅಂದರೆ ಸಾಸಿವೆ ಅಲ್ಲ. ಹಿಂದಿಯ ರಾಯಿ ನೆನಪಾಗಿ ಕೆಲವರು ಹಾಗೆ ಅಂದುಕೊಳ್ಳುವುದುಂಟು. ಇದು ಗೋಧಿ, ಬಾರ್ಲಿಗಳ ಬಳಗದ ಧಾನ್ಯ, ಚಳಿ ದೇಶಗಳ ಬೆಳೆ. ಪೈರು ಎತ್ತರ ಬೆಳೆಯುತ್ತದೆ. ನಮ್ಮಲ್ಲಿ ಜೋಳದ ಹೊಲಕ್ಕೆ ನುಗ್ಗಿದ ಮಗು ಹೇಗೆ ಕಣ್ಣಿಗೆ ಬೀಳುವುದಿಲ್ಲವೋ ಹಾಗೆ. ಒಳಗೆ ಆಡುವ ಮಗುವಿಗೂ ಹೊಲ ಎಲ್ಲಿ ಮುಗಿಯುತ್ತದೆ ಅಂತ ಗೊತ್ತಾಗುವುದಿಲ್ಲ. ಇದು ಮುಂದೆ ಬೇಕಾಗುತ್ತದೆ. ಕ್ಯಾಚರ್ ಅಂದರೆ ಹಿಡಿಯುವವನು. ಬೇಸ್‌ಬಾಲ್‌ನಲ್ಲಿ ಬ್ಯಾಟ್ ಬೀಸುವವನ ಹಿಂದೆ ಕೂತು ಚೆಂಡು ಹಿಡಿಯುವ ಆಟಗಾರನಿಗೂ ಅದೇ ಹೆಸರು. ಹೋಲ್ಡನ್ ತನ್ನ ಕೆಂಪು ಬೇಟೆ ಟೋಪಿಯನ್ನು ಹಿಂದುಮುಂದು ಮಾಡಿ ಹಾಕಿಕೊಳ್ಳುತ್ತಾನಲ್ಲ, ಆ ಆಟಗಾರರೂ ಟೋಪಿ ಹಾಕುತ್ತಿದ್ದದ್ದು ಹಾಗೆಯೇ. ಲೇಖಕರು ಬೇಕೆಂದೇ ಇಟ್ಟದ್ದೋ ಏನೋ, ಅಮೆರಿಕದ ಓದುಗರಿಗೆ ಮಾತ್ರ ಅದು ಥಟ್ಟನೆ ಹೊಳೆಯುತ್ತದೆ.

ಜೆ. ಡಿ. ಸಾಲಿಂಜರ್ ಅವರ ಈ ಕಾದಂಬರಿ ಬಂದದ್ದು 1951ರ ಜುಲೈನಲ್ಲಿ. ಕಥಾನಾಯಕ ಹೋಲ್ಡನ್ ಕಾಲ್‌ಫೀಲ್ಡ್‌ಗೆ 16 ವರ್ಷ. ನಾಲ್ಕು ವಿಷಯದಲ್ಲಿ ಫೇಲಾಗಿ ಶಾಲೆಯಿಂದ ಹೊರಬಿದ್ದಿದ್ದಾನೆ. ಕ್ರಿಸ್‌ಮಸ್ ಹತ್ತಿರ. ಅಪ್ಪ ಅಮ್ಮನಿಗೆ ಸುದ್ದಿ ಮುಟ್ಟುವವರೆಗೆ ಮನೆಗೆ ಹೋಗುವ ಧೈರ್ಯವಿಲ್ಲ. ನ್ಯೂಯಾರ್ಕ್‌ನ ಹೋಟೆಲು, ಬಾರು, ಪಾರ್ಕು ಅಂತ ಸುತ್ತುತ್ತಾ ಸಿಕ್ಕಿದವರನ್ನೆಲ್ಲ ಬೈದುಕೊಳ್ಳುತ್ತಾನೆ. ಅವನಿಗೆ ದೊಡ್ಡವರೆಲ್ಲ ಫೋನಿ. ಅಂದರೆ ಬರೀ ಬೂಟಾಟಿಕೆ. ಇಷ್ಟು ಸಾಕು, ಕಥೆ ನಿಮಗೆ ಗೊತ್ತೇ ಇದೆ.

ಹೆಸರಿನ ಬೇರು ಇರುವುದು 16ನೇ ಅಧ್ಯಾಯದಲ್ಲಿ. ಅಲ್ಲಿ ಅದು ಎಷ್ಟು ಸಣ್ಣದಾಗಿ ಬಂದು ಹೋಗುತ್ತದೆ ಅಂದರೆ, ಓದುವವರು ಗಮನಿಸದೆ ದಾಟಿಬಿಡುತ್ತಾರೆ. ಭಾನುವಾರ. ಹೋಲ್ಡನ್ ತನ್ನ ತಂಗಿ ಫೀಬಿಗೆ ಒಂದು ಗ್ರಾಮಫೋನ್ ರೆಕಾರ್ಡ್ ತರಲು ಬ್ರಾಡ್‌ವೇ ಕಡೆ ನಡೆಯುತ್ತಿದ್ದಾನೆ. ಮುಂದೆ ಒಂದು ಕುಟುಂಬ. ಚರ್ಚಿನಿಂದ ಬಂದವರಂತೆ ಕಾಣುತ್ತಾರೆ, ಅಷ್ಟೇನೂ ಅನುಕೂಲಸ್ಥರಲ್ಲ. ಅಪ್ಪ ಅಮ್ಮ ತಮ್ಮ ಪಾಡಿಗೆ ಮಾತಾಡಿಕೊಂಡು ಹೋಗುತ್ತಿದ್ದಾರೆ. ಅವರ ಜೊತೆಗಿರುವ ಆರು ವರ್ಷದ ಹುಡುಗ ಫುಟ್‌ಪಾತ್ ಮೇಲೆ ನಡೆಯದೆ, ಕೆಳಗೆ ರಸ್ತೆಯಲ್ಲಿ ಅಂಚಿಗೆ ಅಂಟಿಕೊಂಡೇ ನೇರ ಗೆರೆ ಎಳೆದ ಹಾಗೆ ನಡೆಯುತ್ತಿದ್ದಾನೆ. ಸುಮ್ನೆ ಒಂದು ಹಾಡು ಗುನುಗುತ್ತಿದ್ದಾನೆ. ಪಕ್ಕದಲ್ಲೇ ಕಾರುಗಳು ಭರ್ರನೆ ಹೋಗುತ್ತವೆ, ಬ್ರೇಕು ಕಿರುಚುತ್ತವೆ. ಅಪ್ಪ ಅಮ್ಮ ತಿರುಗಿಯೂ ನೋಡುವುದಿಲ್ಲ. ಹುಡುಗನ ಹಾಡು: ರೈ ಹೊಲದ ಹಾದಿಯಲ್ಲಿ ಬರುವಾಗ ಒಬ್ಬರು ಇನ್ನೊಬ್ಬರನ್ನು ಹಿಡಿದರೆ...

ಅದನ್ನು ಕೇಳಿ ಹೋಲ್ಡನ್‌ನ ಮನಸ್ಸು ಸ್ವಲ್ಪ ಹಗುರಾಗುತ್ತದೆ. ಅಷ್ಟೇ ಆ ದೃಶ್ಯ.

ಆದರೆ ಒಂದು ಸಂಗತಿ ನೋಡಿ. ಮಗು ಅಂಚಿನಲ್ಲಿದೆ, ಪಕ್ಕದಲ್ಲೇ ಅಪಾಯ ಇದೆ, ಹೆತ್ತವರಿಗೆ ಗಮನ ಇಲ್ಲ. ಮುಂದೆ ಹೋಲ್ಡನ್ ಕಟ್ಟಿಕೊಳ್ಳುವ ಕನಸಿಗೆ ಬೇಕಾದ ಸಾಮಾನೆಲ್ಲ ಇಲ್ಲೇ ಇದೆ. ಆದರೂ ಅವನು ಓಡಿಹೋಗಿ ಆ ಮಗುವನ್ನು ಹಿಡಿಯುವುದಿಲ್ಲ. ಹುಷಾರು ಅಂತ ಕೂಗುವುದೂ ಇಲ್ಲ. ನೋಡುತ್ತಾ ಖುಷಿ ಪಡುತ್ತಾನೆ. ಯಾರೂ ಹಿಡಿಯಲಿಲ್ಲ, ಮಗುವಿಗೆ ಏನೂ ಆಗಲಿಲ್ಲ. ಹೆಸರು ಹುಟ್ಟಿದ ಜಾಗದಲ್ಲೇ ಹೆಸರಿಗೆ ಉತ್ತರವೂ ಇದೆ ಅಂತ ನನಗೆ ಅನ್ನಿಸುವುದು ಇದಕ್ಕೇ.

ಇನ್ನು 22ನೇ ಅಧ್ಯಾಯ. ಕಳ್ಳನ ಹಾಗೆ ರಾತ್ರಿ ಮನೆಗೆ ನುಗ್ಗಿದ ಹೋಲ್ಡನ್, ಹತ್ತು ವರ್ಷದ ಫೀಬಿಯ ಜೊತೆ ಕೂತಿದ್ದಾನೆ. ಶಾಲೆಯಿಂದ ಹೊರಹಾಕಿದ್ದಾರೆ ಅನ್ನುವುದನ್ನು ಅವಳು ತಾನೇ ಪತ್ತೆ ಮಾಡಿದ್ದಾಳೆ. ನಿನಗೆ ಯಾವುದೂ ಇಷ್ಟ ಆಗುವುದಿಲ್ಲ, ಇಷ್ಟ ಇರೋದು ಒಂದಾದರೂ ಹೇಳು ನೋಡೋಣ ಅಂತ ಪಟ್ಟು ಹಿಡಿಯುತ್ತಾಳೆ. ಆಮೇಲೆ, ದೊಡ್ಡವನಾಗಿ ಏನಾಗುತ್ತೀಯ, ಅಪ್ಪನ ಹಾಗೆ ವಕೀಲನಾ ಅಂತ ಕೇಳುತ್ತಾಳೆ. ಆಗ ಬರುತ್ತದೆ ಆ ಮಾತು. ದೊಡ್ಡ ರೈ ಹೊಲ. ಸಾವಿರಾರು ಮಕ್ಕಳು ಆಡುತ್ತಿದ್ದಾರೆ. ದೊಡ್ಡವರು ಅಂತ ಇರುವುದು ತಾನೊಬ್ಬನೇ. ಹೊಲದ ತುದಿಯಲ್ಲಿ ಪ್ರಪಾತ. ಮಕ್ಕಳು ಎತ್ತ ಓಡುತ್ತಿದ್ದೇವೆ ಅಂತ ನೋಡದೆ ಓಡುತ್ತಾರೆ. ಬೀಳುವ ಮುಂಚೆ ತಾನು ಎಲ್ಲಿಂದಲೋ ಬಂದು ಅವರನ್ನು ಹಿಡಿಯಬೇಕು. ದಿನವಿಡೀ ಅದೊಂದೇ ಕೆಲಸ. ಹುಚ್ಚುತನ ಅಂತ ಗೊತ್ತು, ಆದರೂ ತನಗೆ ನಿಜವಾಗಿ ಆಗಬೇಕು ಅನ್ನಿಸುವುದು ಅದೇ ಅನ್ನುತ್ತಾನೆ.

ಸಾಮಾನ್ಯವಾಗಿ ವಿವರಣೆ ಕೊಡುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಹೊಲ ಅಂದರೆ ಬಾಲ್ಯ, ಪ್ರಪಾತ ಅಂದರೆ ದೊಡ್ಡವರ ಲೋಕ, ಬೀಳುವುದು ಅಂದರೆ ಮುಗ್ಧತೆ ಕಳೆದುಕೊಳ್ಳುವುದು. ಸರಿ. ಆದರೆ ಹೋಲ್ಡನ್ ಈ ಮಾತು ಹೇಳುವ ಕೆಲವೇ ನಿಮಿಷಗಳ ಮುಂಚೆ ಏನು ಯೋಚಿಸುತ್ತಿದ್ದ ಅಂತ ನೋಡಿದ್ದೀರಾ? ಫೀಬಿ ಇಷ್ಟವಾದದ್ದು ಒಂದು ಹೇಳು ಅಂದಾಗ ಅವನ ತಲೆಗೆ ಬಂದವನು ಜೇಮ್ಸ್ ಕ್ಯಾಸಲ್. ಹಳೆಯ ಶಾಲೆಯ ಹುಡುಗ. ಒಬ್ಬ ಜಂಭಗಾರನ ಬಗ್ಗೆ ಆಡಿದ ಮಾತನ್ನು ವಾಪಸ್ ತಗೋ ಅಂತ ಆರೇಳು ಜನ ಸೇರಿ ಹಿಂಸೆ ಕೊಟ್ಟರು. ಅವನು ಮಾತು ವಾಪಸ್ ತಗೊಳ್ಳಲಿಲ್ಲ, ಕಿಟಕಿಯಿಂದ ಹಾರಿದ. ಸತ್ತುಹೋದ. ಆ ಹೊತ್ತಿಗೆ ಅವನು ಹಾಕಿಕೊಂಡಿದ್ದದ್ದು ಹೋಲ್ಡನ್‌ನಿಂದ ಎರವಲು ಪಡೆದ ಸ್ವೆಟರ್. ಅದಾದ ಮೇಲೆ ಹೋಲ್ಡನ್ ಬಾಯಿಬಿಟ್ಟು ಹೇಳುವ ಹೆಸರು ಆ್ಯಲಿಯದು. ಅವನ ತಮ್ಮ. ರಕ್ತದ ಕ್ಯಾನ್ಸರ್‌ನಿಂದ 1946ರಲ್ಲಿ, 11ನೇ ವಯಸ್ಸಿಗೆ ತೀರಿಕೊಂಡವನು. ಆ್ಯಲಿ ಸತ್ತುಹೋಗಿದ್ದಾನಲ್ಲ ಅನ್ನುತ್ತಾಳೆ ಫೀಬಿ.

ಅಂದರೆ ಒಬ್ಬ ನಿಜವಾಗಿಯೇ ಮೇಲಿನಿಂದ ಬಿದ್ದ, ಹಿಡಿಯಲು ಯಾರೂ ಇರಲಿಲ್ಲ. ಇನ್ನೊಬ್ಬನನ್ನು ಹಿಡಿದು ಉಳಿಸಿಕೊಳ್ಳಲು ಮನೆಯವರಿಗೆ ಆಗಲಿಲ್ಲ. ಪ್ರಪಾತ, ಹಿಡಿಯುವುದು ಅನ್ನುವ ಕನಸು ಈ ಇಬ್ಬರು ಹುಡುಗರ ಹಿಂದೆಯೇ ಬರುತ್ತದೆ. ಮುಗ್ಧತೆ ಅನ್ನುವ ದೊಡ್ಡ ಪದ ಹಾಕಿ ಮುಚ್ಚಿದರೆ ಈ ಎರಡು ಸಾವು ಕಾಣುವುದೇ ಇಲ್ಲ. ನನಗಂತೂ ಕ್ಯಾಚರ್ ಅನ್ನುವುದು ಮೊದಲು ದುಃಖದ ಮಾತು, ಸಂಕೇತ ಗಿಂಕೇತ ಎಲ್ಲ ಆಮೇಲೆ.

ಆ್ಯಲಿಯ ಬೇಸ್‌ಬಾಲ್ ಗ್ಲೌಸು ನಿಮಗೆ ನೆನಪಿರಬೇಕು. ಎಡಗೈ ಆಟಗಾರನ ಗ್ಲೌಸು. ಬೆರಳಿನ ಮೇಲೆ, ಒಳಗೆ, ಎಲ್ಲ ಕಡೆ ಹಸಿರು ಶಾಯಿಯಲ್ಲಿ ಕವಿತೆಗಳು. ಮೈದಾನದಲ್ಲಿ ಚೆಂಡು ಬಾರದೆ ಬೇಜಾರಾದಾಗ ಓದಲಿಕ್ಕೆ ಅಂತ ಬರೆದುಕೊಂಡಿದ್ದ. ಅವನು ತೀರಿಕೊಂಡ ರಾತ್ರಿ ಹೋಲ್ಡನ್ ಗ್ಯಾರೇಜಿನ ಕಿಟಕಿ ಗಾಜುಗಳನ್ನೆಲ್ಲ ಮುಷ್ಟಿಯಿಂದ ಗುದ್ದಿ ಪುಡಿ ಮಾಡಿದ. ಆ ಕೈಯನ್ನು ಈಗಲೂ ಸರಿಯಾಗಿ ಮುಷ್ಟಿ ಕಟ್ಟಲು ಬರುವುದಿಲ್ಲ. ಎಲ್ಲರನ್ನೂ ಹಿಡಿಯುತ್ತೇನೆ ಅನ್ನುವ ಹುಡುಗನಿಗೆ ಒಂದು ಕೈ ಬಿಗಿಯಾಗಿ ಮುಚ್ಚುವುದೇ ಇಲ್ಲ! ಇದನ್ನು ಓದುಗರು ಮರೆತುಬಿಡುತ್ತಾರೆ.

ಈಗ ಹಾಡಿನ ವಿಷಯಕ್ಕೆ ಬರೋಣ. ಹೋಲ್ಡನ್ ಹಾಡಿನ ಸಾಲು ಹೇಳಿದ ಕೂಡಲೇ ಫೀಬಿ ತಿದ್ದುತ್ತಾಳೆ. ಅದು ಹಿಡಿದರೆ ಅಲ್ಲ, ಭೇಟಿಯಾದರೆ. ರಾಬರ್ಟ್ ಬರ್ನ್ಸ್ ಬರೆದ ಕವಿತೆ. ಅವಳು ಹೇಳಿದ್ದೇ ಸರಿ ಅಂತ ಹೋಲ್ಡನ್ ಆಮೇಲೆ ಒಪ್ಪಿಕೊಳ್ಳುತ್ತಾನೆ. ಬರ್ನ್ಸ್ 18ನೇ ಶತಮಾನದ ಸ್ಕಾಟ್ಲೆಂಡಿನ ಕವಿ. ಈ ಹಾಡಿನಲ್ಲಿ ಹುಡುಗಿಯೊಬ್ಬಳು ಲಂಗ ಒದ್ದೆ ಮಾಡಿಕೊಂಡು ರೈ ಹೊಲದ ದಾರಿಯಲ್ಲಿ ಬರುತ್ತಾಳೆ. ಅಲ್ಲಿ ಯಾರೋ ಯಾರನ್ನೋ ಕಂಡು ಮುತ್ತು ಕೊಟ್ಟರೆ ಅಳುವಂಥದ್ದೇನಿದೆ, ಊರಿಗೆಲ್ಲ ಗೊತ್ತಾಗಬೇಕಾ ಅಂತ ಹಾಡು ಕೇಳುತ್ತದೆ. ಈ ಹಾಡಿಗೆ ಇದಕ್ಕಿಂತ ಪೋಲಿಯಾದ ರೂಪಗಳೂ ಇವೆ. ಒಟ್ಟಿನಲ್ಲಿ ಹರೆಯದವರು ಕದ್ದು ಕೂಡುವ ಹಾಡು. ಹೋಲ್ಡನ್ ಒಂದೇ ಪದ ಅದಲುಬದಲು ಮಾಡಿ ಅದನ್ನು ಮಕ್ಕಳನ್ನು ಕಾಯುವ ಹಾಡಾಗಿ ಮಾಡಿಕೊಂಡಿದ್ದಾನೆ. ತಾನು ಯಾವುದರಿಂದ ಮಕ್ಕಳನ್ನು ದೂರ ಇಡಬೇಕು ಅಂದುಕೊಂಡಿದ್ದಾನೋ ಅದೇ ಆ ಹಾಡಿನ ಹೊಟ್ಟೆಯಲ್ಲಿದೆ. ಆರು ವರ್ಷದ ಹುಡುಗ ಅದನ್ನೇ ಹಾಡಿಕೊಂಡು ಆರಾಮಾಗಿ ನಡೆದುಹೋದ. ಪದ ತಪ್ಪಿದ್ದು ಆ ಹುಡುಗನದೋ, ಕಿವಿ ತಪ್ಪಿದ್ದು ಹೋಲ್ಡನ್‌ದೋ, ಕಾದಂಬರಿ ಹೇಳುವುದಿಲ್ಲ.

ಅಣ್ಣನ ಆ ದೊಡ್ಡ ಕನಸು ಕೇಳಿದ ಮೇಲೆ ಫೀಬಿ ಏನು ಹೇಳುತ್ತಾಳೆ ಗೊತ್ತಲ್ಲ? ಎಷ್ಟೋ ಹೊತ್ತು ಸುಮ್ಮನಿದ್ದು, ಅಪ್ಪ ನಿನ್ನನ್ನು ಕೊಂದೇಬಿಡುತ್ತಾರೆ ಅನ್ನುತ್ತಾಳೆ. ವಿಮರ್ಶಕರು ಪುಟಗಟ್ಟಲೆ ಬರೆದ ಮಾತಿಗೆ ಹತ್ತು ವರ್ಷದ ಹುಡುಗಿಯ ಉತ್ತರ ಅಷ್ಟೇ. ಇದಕ್ಕಿಂತ ಒಳ್ಳೆಯ ಟೀಕೆ ನಾನು ಓದಿಲ್ಲ.

ನಿಮ್ಮ ಪ್ರಶ್ನೆಯ ಎರಡನೇ ಭಾಗಕ್ಕೆ, ಮುಗ್ಧತೆಯ ವಿಷಯಕ್ಕೆ, ಫೀಬಿಯೇ ದಾರಿ. ಅವಳು ಹೋಲ್ಡನ್ ಅಂದುಕೊಂಡ ಹಾಗೆ ಏನೂ ತಿಳಿಯದ ಪುಟ್ಟ ಗೊಂಬೆ ಅಲ್ಲ. ಅವತ್ತು ರಾತ್ರಿ ಅಮ್ಮ ಕೋಣೆಗೆ ಬಂದಾಗ ಸಿಗರೇಟ್ ವಾಸನೆ ಹೊಡೆಯುತ್ತಿರುತ್ತದೆ. ಸೇದಿದ್ದು ಹೋಲ್ಡನ್, ಅವನೀಗ ಬಟ್ಟೆ ಕಪಾಟಿನಲ್ಲಿ ಅವಿತಿದ್ದಾನೆ. ಫೀಬಿ ಒಂದು ಕ್ಷಣವೂ ತಡವರಿಸದೆ, ನಾನೇ ಸುಮ್ನೆ ಒಂದು ಹಚ್ಚಿ ನೋಡಿದೆ ಅಂತ ಹೇಳಿ ಬೈಸಿಕೊಳ್ಳುತ್ತಾಳೆ. ನೀಟಾದ ಸುಳ್ಳು. ಇದನ್ನೇ ದೊಡ್ಡವರು ಹೇಳಿದ್ದರೆ ಹೋಲ್ಡನ್ ಫೋನಿ ಅನ್ನುತ್ತಿದ್ದನೇನೋ. ತನ್ನ ನಡುವಿನ ಹೆಸರು ಇಷ್ಟವಿಲ್ಲ ಅಂತ ನೋಟ್‌ಬುಕ್ಕಿನಲ್ಲಿ ಹೊಸ ಹೆಸರು ಬರೆದುಕೊಂಡಿರುತ್ತಾಳೆ. ಅಣ್ಣ ತಂದ ರೆಕಾರ್ಡ್ ದಾರಿಯಲ್ಲೇ ಬಿದ್ದು ಚೂರುಚೂರಾದಾಗ ಅಳುವುದಿಲ್ಲ, ಚೂರು ಕೊಡು, ಎತ್ತಿಟ್ಟುಕೊಳ್ಳುತ್ತೇನೆ ಅನ್ನುತ್ತಾಳೆ.

ಹೋಲ್ಡನ್‌ಗೆ ಮುಗ್ಧತೆ ಅಂದರೆ ಬದಲಾಗದೆ ಇರುವುದು. ಅದಕ್ಕೇ ಅವನಿಗೆ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಅಂದರೆ ಪ್ರಾಣ. ಅಲ್ಲಿ ಗಾಜಿನ ಹಿಂದೆ ಎಸ್ಕಿಮೊ ಮೀನು ಹಿಡಿಯುತ್ತಲೇ ಇರುತ್ತಾನೆ, ಹಕ್ಕಿಗಳು ದಕ್ಷಿಣಕ್ಕೆ ಹಾರುತ್ತಲೇ ಇರುತ್ತವೆ. ಎಷ್ಟು ಸಲ ಹೋದರೂ ಎಲ್ಲ ಹಾಗೇ. ಬದಲಾಗುವುದು ನೋಡಲು ಹೋದ ನೀವು ಮಾತ್ರ. ಕೆಲವನ್ನು ಹೀಗೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಬಿಡಬೇಕು ಅನ್ನುತ್ತಾನೆ. ಈ ಮಾತು ಬರುವುದೂ ಹಾಡು ಬರುವ 16ನೇ ಅಧ್ಯಾಯದಲ್ಲೇ. ಆದರೆ 25ನೇ ಅಧ್ಯಾಯದಲ್ಲಿ ಇದಕ್ಕೆ ಪೆಟ್ಟು ಬೀಳುತ್ತದೆ. ಫೀಬಿಯ ಶಾಲೆಯ ಗೋಡೆ ಮೇಲೆ ಯಾರೋ ಹೊಲಸು ಬೈಗುಳ ಬರೆದಿದ್ದಾರೆ. ಮಕ್ಕಳು ನೋಡಿಬಿಡುತ್ತಾರಲ್ಲ ಅಂತ ಹೋಲ್ಡನ್ ಕೈಯಿಂದ ಉಜ್ಜಿ ಅಳಿಸುತ್ತಾನೆ. ಇನ್ನೊಂದು ಕಡೆ ಅದೇ ಬೈಗುಳ, ಚಾಕುವಿನಲ್ಲಿ ಕೆತ್ತಿದ್ದು. ಅಳಿಸಲು ಆಗುವುದಿಲ್ಲ. ಕೊನೆಗೆ ಇನ್ನೊಂದು ಮ್ಯೂಸಿಯಮ್ಮಿನ, ಕಲಾ ಮ್ಯೂಸಿಯಮ್ಮಿನ, ಈಜಿಪ್ಟ್ ಗೋರಿಯೊಳಗೆ ಹೋದರೆ ಅಲ್ಲೂ ಗಾಜಿನ ಕೆಳಗೆ ಕೆಂಪು ಬಣ್ಣದಲ್ಲಿ ಅದೇ ಎರಡು ಪದ. ಗಾಜಿನ ಪೆಟ್ಟಿಗೆಗೂ ಬೈಗುಳ ಹೊಕ್ಕಾಯಿತು. ಇಡೀ ಪುಸ್ತಕದಲ್ಲಿ ಪ್ರಪಾತಕ್ಕೆ ಬೀಳದೆ, ಬೆಳೆಯದೆ, ಹಾಗೇ ಉಳಿದ ಮಗು ಯಾರು ಅಂತ ಹುಡುಕಿದರೆ ಸಿಗುವುದು ಆ್ಯಲಿ ಒಬ್ಬ. ಅವನು ಉಳಿದದ್ದು ಸತ್ತದ್ದರಿಂದ. ಹೋಲ್ಡನ್‌ನ ಆಸೆಯ ಒಳಗಿರುವ ತೊಡಕು ಇದು.

ಹಾಗಾದರೆ ಬೀಳುತ್ತಿರುವವರು ಯಾರು? ಹೋಲ್ಡನ್ನೇ. ಅವನ ಹಳೆಯ ಮೇಷ್ಟ್ರು ಆಂಟೊಲಿನಿ ಅದನ್ನು ನೇರವಾಗಿ ಹೇಳುತ್ತಾರೆ: ನೀನು ದೊಡ್ಡ ಪತನದ ಕಡೆಗೆ ಹೊರಟಿದ್ದೀಯ, ತಳ ಮುಟ್ಟಿದ್ದೂ ಗೊತ್ತಾಗದಂಥ ಪತನ. ಜೇಮ್ಸ್ ಕ್ಯಾಸಲ್ ಬಿದ್ದಾಗ ಹತ್ತಿರ ಹೋಗಿ, ತಮ್ಮ ಕೋಟು ಹೊದಿಸಿ, ಎತ್ತಿಕೊಂಡು ಹೋದವರು ಇದೇ ಮೇಷ್ಟ್ರು. ಕೋಟಿಗೆ ರಕ್ತ ಆದರೂ ಲೆಕ್ಕಿಸಲಿಲ್ಲ. ಆದರೆ ಅವರ ಮನೆಯಲ್ಲಿ ಮಲಗಿದ ರಾತ್ರಿ, ನಿದ್ದೆಯಿಂದ ಎಚ್ಚರಾದಾಗ ಅವರು ತನ್ನ ತಲೆ ಸವರುತ್ತಿದ್ದದ್ದು ಕಂಡು ಹೋಲ್ಡನ್ ಗಾಬರಿಯಾಗಿ ಓಡಿಹೋಗುತ್ತಾನೆ. ಹಿಡಿಯಬಹುದಾಗಿದ್ದ ಒಬ್ಬ ದೊಡ್ಡವರೂ ಹೀಗೆ ಕೈಬಿಟ್ಟುಹೋದರು.

ಮರುದಿನ ಬೆಳಿಗ್ಗೆ ಫಿಫ್ತ್ ಅವೆನ್ಯೂದಲ್ಲಿ ನಡೆಯುವಾಗ ಅವನಿಗೆ ವಿಚಿತ್ರ ಭಯ. ಪ್ರತಿ ಸಲ ಫುಟ್‌ಪಾತ್ ಮುಗಿದು ರಸ್ತೆಗೆ ಕಾಲಿಡುವಾಗಲೂ, ಆಚೆ ದಡ ಸೇರುವುದೇ ಇಲ್ಲ, ಕೆಳಗೆ ಕೆಳಗೆ ಇಳಿದು ಕಾಣದೆ ಹೋಗುತ್ತೇನೆ ಅನ್ನಿಸುತ್ತದೆ. ಬೆವರುತ್ತಾನೆ. ಆ್ಯಲಿ, ನಾನು ಕಾಣದೆ ಹೋಗದ ಹಾಗೆ ನೋಡಿಕೋ ಅಂತ ಸತ್ತ ತಮ್ಮನನ್ನು ಬೇಡಿಕೊಳ್ಳುತ್ತಾನೆ. ಈಗ ಆ ಆರು ವರ್ಷದ ಹುಡುಗನನ್ನು ಇಲ್ಲಿ ತಂದು ನಿಲ್ಲಿಸಿ ನೋಡಿ. ಅದೇ ಊರು, ಅದೇ ಥರದ ರಸ್ತೆ ಅಂಚು. ಅವನು ಹಾಡುತ್ತಾ ನಡೆದ. 16ರ ಹುಡುಗ ನಡುಗುತ್ತಿದ್ದಾನೆ. ರೈ ಹೊಲದ ಪ್ರಪಾತ ಬೇರೆ ಎಲ್ಲೂ ಇಲ್ಲ, ಈ ಫುಟ್‌ಪಾತಿನ ಅಂಚೇ ಅದು.

ಕೊನೆಗೆ ಅವನನ್ನು ಹಿಡಿಯುವುದು ಫೀಬಿ. ಅದೂ ಉಪದೇಶ ಮಾಡಿ ಅಲ್ಲ. ಪಶ್ಚಿಮದ ಕಡೆ ಎಲ್ಲಾದರೂ ಓಡಿಹೋಗುತ್ತೇನೆ ಅಂತ ಅವನು ಚೀಟಿ ಕಳಿಸಿದರೆ, ಅವಳು ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಬರುತ್ತಾಳೆ. ನಾನೂ ಬರುತ್ತೇನೆ ಅನ್ನುತ್ತಾಳೆ. ಎಲ್ಲ ಮಕ್ಕಳನ್ನೂ ಕಾಯುತ್ತೇನೆ ಅಂದವನಿಗೆ ಒಂದು ಮಗು ತನ್ನಿಂದಲೇ ಪ್ರಪಾತದ ಕಡೆ ಹೊರಟಿದೆ ಅನ್ನುವುದು ಆಗ ಅರಿವಾಗುತ್ತದೆ. ಅವನು ಬೇಡ ಅಂದಾಗ ಅವಳು ಸಿಟ್ಟಾಗುತ್ತಾಳೆ, ಟೋಪಿ ಕಿತ್ತು ಎಸೆಯುತ್ತಾಳೆ, ಮಾತು ಬಿಡುತ್ತಾಳೆ. ಇಬ್ಬರೂ ಸೆಂಟ್ರಲ್ ಪಾರ್ಕಿನ ತಿರುಗುವ ಮರದ ಕುದುರೆಗಳ ಹತ್ತಿರ ಬರುತ್ತಾರೆ. ಫೀಬಿ ಕುದುರೆ ಹತ್ತುತ್ತಾಳೆ. ಅಲ್ಲಿ ಒಂದು ಆಟ ಇರುತ್ತಿತ್ತು, ತಿರುಗುವಾಗ ಬಾಗಿ ಕೈ ಚಾಚಿ ಬಂಗಾರದ ಬಣ್ಣದ ಉಂಗುರ ಹಿಡಿಯುವುದು. ಮಕ್ಕಳು ಬಾಗುವುದನ್ನು ನೋಡಿ, ಫೀಬಿ ಬಿದ್ದುಬಿಟ್ಟಾಳು ಅಂತ ಹೋಲ್ಡನ್‌ಗೆ ದಿಗಿಲು. ಆದರೂ ಅವನು ಬಾಯಿ ಬಿಡುವುದಿಲ್ಲ. ಮಕ್ಕಳು ಆ ಉಂಗುರಕ್ಕೆ ಕೈ ಹಾಕಿದರೆ ಹಾಕಲಿ, ಬಿದ್ದರೆ ಬೀಳಲಿ, ಏನಾದರೂ ಹೇಳುವುದು ತಪ್ಪು ಅಂದುಕೊಳ್ಳುತ್ತಾನೆ. ಕ್ಯಾಚರ್ ಕೆಲಸಕ್ಕೆ ಅವನು ರಾಜೀನಾಮೆ ಕೊಟ್ಟದ್ದು ಇಲ್ಲಿ. ಮೊದಲ ಮುದ್ರಣದ ಮುಖಪುಟದಲ್ಲಿ ರೈ ಹೊಲ ಇಲ್ಲ, ಇರುವುದು ಈ ಕೆಂಪು ಕುದುರೆ. ಚಿತ್ರ ಬರೆದ ಇ. ಮೈಕೆಲ್ ಮಿಚೆಲ್ ಪುಸ್ತಕವನ್ನು ಸರಿಯಾಗಿ ಓದಿದ್ದರು.

22ನೇ ಅಧ್ಯಾಯಕ್ಕೇ ನಿಂತುಬಿಡುವ ಓದು ಬರೀ ಅರೆಬರೆ ಅಲ್ಲ, ಅದು ಕೆಡುಕಿಗೂ ಒಯ್ದಿದೆ. 1980ರ ಡಿಸೆಂಬರ್ 8ರಂದು ಗಾಯಕ ಜಾನ್ ಲೆನನ್ ಅವರನ್ನು ಗುಂಡಿಟ್ಟು ಕೊಂದವನ ಬಳಿ ಇದೇ ಪುಸ್ತಕ ಇತ್ತು. ತಾನೇ ಕ್ಯಾಚರ್ ಅಂತ ಅವನು ನಂಬಿಕೊಂಡಿದ್ದ. ಕುದುರೆಯ ಅಧ್ಯಾಯ ಅವನ ತಲೆಗೆ ಇಳಿದೇ ಇರಲಿಲ್ಲ.

ಹೆಸರು ಬದಲಾಯಿಸುತ್ತೀರಾ ಅಂತ ಪ್ರಕಟಣೆಗೆ ಮುಂಚೆ ಪುಸ್ತಕ ಕ್ಲಬ್ಬಿನವರು ಕೇಳಿದಾಗ, ಹೋಲ್ಡನ್‌ಗೆ ಇಷ್ಟವಾಗುವುದಿಲ್ಲ ಅಂತ ಸಾಲಿಂಜರ್ ಹೇಳಿದರಂತೆ. ಉತ್ತರ ತಮಾಷೆಯಾಗಿದೆ, ಆದರೆ ಅದರಲ್ಲಿ ಹುರುಳಿದೆ. ಹೆಸರು ಲೇಖಕರ ತೀರ್ಮಾನ ಅಲ್ಲ, ಆ ಹುಡುಗನದು.

ಪರೀಕ್ಷೆಗೆ ಓದುತ್ತಿದ್ದರೆ ಒಂದು ಮಾತು. ಪುಸ್ತಕವನ್ನು ಮತ್ತೆ ಮೊದಲಿನಿಂದ ಓದುವಷ್ಟು ಪುರುಸೊತ್ತು ಇಲ್ಲದಿದ್ದರೆ 16, 22, 25, ಈ ಮೂರು ಅಧ್ಯಾಯಗಳನ್ನು ಒಂದರ ಹಿಂದೆ ಒಂದು ಓದಿ. ರಸ್ತೆ ಅಂಚು, ಪ್ರಪಾತ, ಕುದುರೆ. ಉತ್ತರದಲ್ಲಿ ಜೇಮ್ಸ್ ಕ್ಯಾಸಲ್ ಹೆಸರು ಬಿಡಬೇಡಿ, ಗೈಡುಗಳಲ್ಲಿ ಅವನು ಸಿಗುವುದು ಕಮ್ಮಿ.